ಅಕ್ಯುಪಂಕ್ಚರ್ ಕಲೀಬೇಕು ಅಂತಿದ್ದೀನಿ, ಮೊದಲ ಸೂಜಿ ಎಲ್ಲಿಗೆ ಹಾಕಲಿ?

ಹೊಸಬ77

ಎಲ್ಲರಿಗೂ ನಮಸ್ಕಾರ. ಇಲ್ಲಿ ನನ್ನ ಮೊದಲ ಪೋಸ್ಟ್. ಆರು ತಿಂಗಳ ಹಿಂದೆ ಸೊಂಟನೋವಿಗೆ ಅಂತ ಅಕ್ಯುಪಂಕ್ಚರ್ ಮಾಡಿಸ್ಕೊಂಡೆ, ಆರಾಮ ಅನ್ನಿಸ್ತು. ಅವತ್ತಿಂದ ಇದರ ಹುಚ್ಚು ಹಿಡಿದಿದೆ. ವಿಡಿಯೊ ನೋಡಿ ನೋಡಿ ಹದಿನೈದು ಪಾಯಿಂಟ್ (ಸೂಜಿ ಹಾಕೋ ಜಾಗ) ಬಾಯಿಪಾಠ ಆಗಿದೆ. ಈಚೆಗೆ ಆನ್‌ಲೈನ್‌ನಲ್ಲಿ ನೂರು ಸೂಜಿಯ ಡಬ್ಬಿ ತರಿಸಿದೆ, ಮೇಲೆ 0.25 × 40 ಅಂತ ಬರೆದಿದೆ.

ನಮ್ಮ ಮನೆಯವಳಿಗೆ ಕುತ್ತಿಗೆ, ಭುಜ ಹಿಡ್ಕೊಳ್ಳೋದು ದಿನಾ ಇದ್ದದ್ದೇ. ಭುಜದ ಮೇಲಿನ ಜಿಬಿ 21 ಅನ್ನೋ ಪಾಯಿಂಟ್ ಇದಕ್ಕೆ ರಾಮಬಾಣ ಅಂತ ಎಲ್ಲ ವಿಡಿಯೊದಲ್ಲೂ ಹೇಳ್ತಾರೆ. ಅಲ್ಲಿಂದಲೇ ಶುರು ಮಾಡೋಣ ಅಂತಿದ್ದೀನಿ. ಎಷ್ಟು ಆಳ ಹಾಕಬೇಕು, ಎಷ್ಟು ಹೊತ್ತು ಬಿಡಬೇಕು ಅಂತ ಗೊತ್ತಿದ್ದವರು ಹೇಳ್ತೀರಾ? ಮುಂದೆ ಕೋರ್ಸ್ ಸೇರೋ ಯೋಚನೆ ಇದೆ. ಅಷ್ಟರಲ್ಲಿ ಕೈ ಪಳಗಲಿ ಅಂತ.

ಸೂಜಿಮಲ್ಲಿಗೆ

ಮೊದಲು ಆ ಡಬ್ಬಿ ಮುಚ್ಚಿ ಮೇಲೆತ್ತಿಡಿ. ಬೈತಿದ್ದೀನಿ ಅಂದ್ಕೋಬೇಡಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿರೋಳು ನಾನು, ಇವತ್ತಿಗೂ ಜಿಬಿ 21ಕ್ಕೆ ಸೂಜಿ ಹಿಡಿದಾಗ ಒಂದು ಗಳಿಗೆ ನಿಂತೇ ನಿಲ್ತೀನಿ.

ನಿಮ್ಮ ಭುಜದ ಮೇಲೆ ನೀವೇ ಕೈ ಇಟ್ಟು ನೋಡಿ. ಕುತ್ತಿಗೆ ಬುಡಕ್ಕೂ ಭುಜದ ತುದಿಗೂ ನಡುವೆ ದಪ್ಪಗೆ ಒಂದು ಸ್ನಾಯು ಸಿಗುತ್ತಲ್ಲ, ಅದನ್ನ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೇಲಕ್ಕೆತ್ತಿ. ಕೈಗೆ ಸಿಕ್ಕಿದ್ದಷ್ಟೇ ನಿಮ್ಮ ಬಂಡವಾಳ. ಅದರ ಕೆಳಗಿರೋದು ಶ್ವಾಸಕೋಶ. ಶ್ವಾಸಕೋಶ ಪಕ್ಕೆಲುಬಿನ ಗೂಡಿನೊಳಗೇ ಕೂತಿರುತ್ತೆ ಅಂತ ನಾವೆಲ್ಲ ಶಾಲೆಯ ಚಿತ್ರ ನೋಡಿ ಅಂದ್ಕೊಂಡಿರ್ತೀವಿ. ಅದರ ನೆತ್ತಿ ಕಾಲರ್‌ಬೋನ್‌ಗಿಂತ ಎರಡು ಮೂರು ಸೆಂಟಿಮೀಟರ್ ಮೇಲಕ್ಕೇ ಬಂದಿರುತ್ತೆ. ನಿಮ್ಮ ಹತ್ತಿರ ಇರೋ ಸೂಜಿ 40 ಮಿಲಿಮೀಟರ್, ಅಂದ್ರೆ ನಾಲ್ಕು ಸೆಂಟಿಮೀಟರ್. ಬೆನ್ನಲ್ಲಿ ಭುಜದ ಎಲುಬಿನ ಒಳಅಂಚಿನ ಹತ್ತಿರ, ಎದೆ ಮೇಲೆ ಕಾಲರ್‌ಬೋನಿನ ಮಧ್ಯದಿಂದ ಕೆಳಗೆ, ಚರ್ಮದಿಂದ ಶ್ವಾಸಕೋಶಕ್ಕೆ ಬರೀ 10ರಿಂದ 20 ಮಿಲಿಮೀಟರ್ ದೂರ ಇರೋ ಜನ ಇದ್ದಾರೆ. ತೆಳ್ಳಗಿರೋರಿಗೆ ಇನ್ನೂ ಕಷ್ಟ.

ಸೂಜಿ ಅಲ್ಲಿಗೆ ತಗುಲಿದ್ರೆ ಶ್ವಾಸಕೋಶದ ಸುತ್ತ ಗಾಳಿ ಸೇರ್ಕೊಳ್ಳುತ್ತೆ, ಶ್ವಾಸಕೋಶ ಕುಗ್ಗುತ್ತೆ. ಅದಕ್ಕೆ ನ್ಯೂಮೋಥೊರಾಕ್ಸ್ ಅಂತಾರೆ. ಇದರಲ್ಲಿ ಮೋಸ ಏನಂದ್ರೆ ಹಾಕಿದ ತಕ್ಷಣ ಏನೂ ಆಗದೇ ಇರಬಹುದು. ಎದ್ದು ಹೋಗಿ, ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಚಳಕು, ಒಣಕೆಮ್ಮು, ಉಸಿರು ಸಾಲದ ಹಾಗೆ. ಕೆಲವು ಗಂಟೆ ಬಿಟ್ಟು ಶುರುವಾಗೋದೂ ಇದೆ. ಅಷ್ಟು ಹೊತ್ತಿಗೆ ಯಾರಿಗೂ ಸೂಜಿಯ ನೆನಪೇ ಇರಲ್ಲ.

ಆದ್ದರಿಂದ ಎಷ್ಟು ಆಳ ಅನ್ನೋದಕ್ಕೆ ಈಗ ನಾನು ಕೊಡೋ ಉತ್ತರ: ಸೊನ್ನೆ. ಬೆರಳಲ್ಲಿ ಒತ್ತಿ. ಗರ್ಭಿಣಿಯಾಗಿದ್ರೆ ಅದೂ ಬೇಡ.

ಲೆಕ್ಕಾಚಾರಿ

ಸ್ವಲ್ಪ ಜಾಸ್ತಿ ಹೆದರಿಸಿದ ಹಾಗಾಯ್ತು ಅನ್ಸುತ್ತೆ. ಅಕ್ಯುಪಂಕ್ಚರ್ ಬಗ್ಗೆ ನನಗೆ ಬೇರೆ ತಕರಾರು ಬೇಕಾದಷ್ಟಿದೆ, ಆದ್ರೆ ಅಪಾಯದ ಲೆಕ್ಕ ತೆಗೆದ್ರೆ ಅದು ಕಡಿಮೆನೇ. ಜರ್ಮನಿಯಲ್ಲಿ ನಡೆದ ದೊಡ್ಡ ಅಧ್ಯಯನ 2009ರಲ್ಲಿ ಪ್ರಕಟವಾಯ್ತು. 2,29,230 ರೋಗಿಗಳು, ಒಬ್ಬೊಬ್ಬರಿಗೆ ಸರಾಸರಿ ಹತ್ತು ಸಲ ಚಿಕಿತ್ಸೆ. ಏನಾದ್ರೂ ಒಂದು ತೊಂದರೆ ಆಯ್ತು ಅಂದವರು ಶೇ. 8.6. ಅದರಲ್ಲಿ ಬಹುಪಾಲು ಚೂರು ರಕ್ತ ಬಂದಿದ್ದು, ಚರ್ಮ ನೀಲಿಗಟ್ಟಿದ್ದು. ನ್ಯೂಮೋಥೊರಾಕ್ಸ್ ಆಗಿದ್ದು ಇಬ್ಬರಿಗೆ. ಎರಡು ಲಕ್ಷ ಚಿಲ್ಲರೆ ಜನರಲ್ಲಿ ಇಬ್ಬರು!

ಸೂಜಿಮಲ್ಲಿಗೆ

ಲೆಕ್ಕ ಸರಿ. ಆ ಸೂಜಿಗಳನ್ನ ಹಾಕಿದವರು ಯಾರು ಅಂತಲೂ ಹೇಳಿಬಿಡಿ. ತರಬೇತಿ ಆಗಿದ್ದ ವೈದ್ಯರು. ಪಕ್ಕೆಲುಬು ಎಲ್ಲಿದೆ ಅಂತ ಕಣ್ಣುಮುಚ್ಚಿ ಹೇಳೋ ಜನ. ವಿಡಿಯೊ ನೋಡಿ ಮನೆಯಲ್ಲಿ ಚುಚ್ಚಿಕೊಂಡವರ ಲೆಕ್ಕ ಅದರಲ್ಲಿ ಒಂದೂ ಇಲ್ಲ.

ಲೆಕ್ಕಾಚಾರಿ

ಹ್ಞಾಂ, ಅದು ನ್ಯಾಯ. ಒಪ್ಪಿದೆ.

ಮೂಳೆಮೇಷ್ಟ್ರು

ನಾನು ಅಂಗರಚನೆ ಪಾಠ ಮಾಡೋನು, ಸೂಜಿ ಹಾಕೋನಲ್ಲ. ಆದರೂ ನಮ್ಮ ತರಗತಿಗೆ ಅಕ್ಯುಪಂಕ್ಚರ್ ಕಲಿಯೋ ಮಕ್ಕಳು ಬರ್ತಾರೆ, ಅದಕ್ಕೇ ಎರಡು ಮಾತು.

ಹದಿನೈದು ಪಾಯಿಂಟ್ ಬಾಯಿಪಾಠ ಅಂದ್ರಿ. ಬಾಯಿಪಾಠ ಆಗಿರೋದು ಪಾಯಿಂಟಿನ ಹೆಸರು, ಸಂಖ್ಯೆ. ಅದರ ಕೆಳಗೆ ಏನಿದೆ? ಉದಾಹರಣೆಗೆ ಪಿಸಿ 6, ಚೀನೀ ಹೆಸರು ನೈಗುವಾನ್. ವಾಕರಿಕೆಗೆ ಅಂತ ಹೆಸರಾದದ್ದು, ಎಲ್ಲರೂ ಸುಲಭ ಅಂತಾರೆ. ಮಣಿಕಟ್ಟಿನ ಗೆರೆಯಿಂದ ಎರಡು ಚುನ್ (ಅಳತೆ, ಮುಂದೆ ಹೇಳ್ತೀನಿ) ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ, ಮಣಿಕಟ್ಟನ್ನ ಒಂಚೂರು ಮಡಿಸಿ. ನಡುವೆ ತಂತಿ ಹಾಗೆ ಎದ್ದು ಕಾಣೋದು ಒಂದು ರಜ್ಜು. ಕೆಲವರಿಗೆ ಅದು ಹುಟ್ಟಿನಿಂದಲೇ ಇರಲ್ಲ, ಒಂದು ಕೈಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದವರೂ ಸಿಗ್ತಾರೆ. ಆಗ ಎರಡು ರಜ್ಜುಗಳ ನಡುವೆ ಅನ್ನೋ ಬಾಯಿಪಾಠ ಕೈ ಕೊಡುತ್ತೆ. ಅದರ ನೇರ ಕೆಳಗೆ ಮೀಡಿಯನ್ ನರ ಹೋಗುತ್ತೆ, ನಿಮ್ಮ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶ ತಂದುಕೊಡೋ ನರ.

ಚುನ್ ಅಂದ್ರೆ ಅಳತೆ. ಹೆಬ್ಬೆರಳ ಗೆಣ್ಣಿನ ಅಗಲ ಒಂದು ಚುನ್, ನಾಲ್ಕು ಬೆರಳು ಜೋಡಿಸಿದ್ರೆ ಮೂರು. ಯಾರ ಬೆರಳು? ರೋಗಿಯದು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಮೊದಲ ದಿನ ತಮ್ಮದೇ ಬೆರಳಿಟ್ಟು ಅಳೀತಾರೆ. ಆರಡಿ ಆಳು ತನ್ನ ಕೈಯಲ್ಲಿ ಮಗುವಿನ ಕಾಲು ಅಳೆದ್ರೆ ಪಾಯಿಂಟ್ ಪಾದಕ್ಕೇ ಇಳಿದುಬಿಡುತ್ತೆ.

ಇನ್ನೊಂದು, ಎದೆಮೂಳೆ. ಸಿವಿ 17 ಅಂತ ಒಂದು ಪಾಯಿಂಟ್ ಅದರ ಮೇಲೇ ಇದೆ. ಕೆಳಗೆ ಗಟ್ಟಿ ಮೂಳೆ ಇದೆಯಲ್ಲ, ಏನು ಭಯ ಅಂತ ಅನ್ನಿಸುತ್ತೆ. ಕೆಲವರ ಎದೆಮೂಳೆಯಲ್ಲಿ ಹುಟ್ಟಾ ಒಂದು ತೂತು ಇರುತ್ತೆ. ಮುಟ್ಟಿದ್ರೆ ಗೊತ್ತಾಗಲ್ಲ. ತೂತಿನ ಹಿಂದೆ ಹೃದಯ. ಅಲ್ಲಿ ಸೂಜಿ ಒಳಗೆ ಹೋಗಿ ಪ್ರಾಣ ಹೋದ ಪ್ರಕರಣ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಅದಕ್ಕೇ ಅಲ್ಲಿ ಹಾಕೋರು ನೇರ ಚುಚ್ಚಲ್ಲ, ಚರ್ಮದಡಿ ಮಲಗಿಸಿ ಹಾಕ್ತಾರೆ.

ಕುತ್ತಿಗೆ ಹಿಂಭಾಗ, ತಲೆಬುರುಡೆಯ ಅಂಚಿನ ಕೆಳಗೆ: ಮಿದುಳಿನ ಕಾಂಡ, ಬೆನ್ನುಹುರಿ. ಕಣ್ಣಿನ ಸುತ್ತ, ಗಂಟಲ ಪಕ್ಕ: ಹೇಳೋದೇ ಬೇಡ. ಇವನ್ನೆಲ್ಲ ವರ್ಷಗಟ್ಟಲೆ ಮುಟ್ಟದಿದ್ರೂ ನಿಮ್ಮ ಕಲಿಕೆಗೆ ಏನೂ ನಷ್ಟ ಇಲ್ಲ.

(ಒಂದು ಹಳೇ ಕಥೆ ಹೇಳಿಬಿಡ್ತೀನಿ. 1027ರಲ್ಲಿ ಚೀನಾದ ಸೋಂಗ್ ಅರಸರ ಕಾಲದಲ್ಲಿ ವಾಂಗ್ ವೈಯಿ ಅನ್ನೋ ವೈದ್ಯಾಧಿಕಾರಿ ಆಳೆತ್ತರದ ಎರಡು ಕಂಚಿನ ಬೊಂಬೆ ಎರಕ ಹೊಯ್ಸಿದ. ಮೈಮೇಲೆಲ್ಲ ಪಾಯಿಂಟ್ ಇದ್ದ ಕಡೆ ಸಣ್ಣ ತೂತು. ಪರೀಕ್ಷೆ ದಿನ ಹೊರಗೆ ಮೇಣ ಬಳಿದು ತೂತು ಮುಚ್ಚಿ, ಒಳಗೆ ನೀರು ತುಂಬಿಸ್ತಿದ್ರಂತೆ. ಸರಿಯಾದ ಜಾಗಕ್ಕೆ ಸೂಜಿ ಇಟ್ರೆ ನೀರು ಬರಬೇಕು. ತಪ್ಪಿದ್ರೆ ಸೂಜಿ ಕಂಚಿಗೆ ಬಡೀತಿತ್ತು, ಅಷ್ಟೇ. ಸಾವಿರ ವರ್ಷದ ಹಿಂದೆಯೇ ಮನುಷ್ಯರ ಮೇಲೆ ಕಲೀಬೇಡಿ, ಮೊದಲು ಬೊಂಬೆ ಮೇಲೆ ಕಲೀರಿ ಅಂತ ಗೊತ್ತಿತ್ತು.)

ಹೊಸಬ77

ಮೇಷ್ಟ್ರೇ, ಸೂಜಿಮಲ್ಲಿಗೆ ಮೇಡಂ, ಇಬ್ಬರಿಗೂ ಧನ್ಯವಾದ. ಈಗ ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಪೋಸ್ಟ್‌ನಲ್ಲಿ "ಶುರು ಮಾಡೋಣ ಅಂತಿದ್ದೀನಿ" ಅಂತ ಬರೆದೆ, ನಿಜ ಹೇಳ್ಬೇಕಂದ್ರೆ ಶುರು ಮಾಡಿ ಆಗಿದೆ. ಹನ್ನೊಂದು ದಿನದ ಹಿಂದೆ ಅವಳ ಬಲಭುಜಕ್ಕೆ ಒಂದು ಸೂಜಿ ಹಾಕಿದೆ. ಜಿಬಿ 21ಕ್ಕೇ. ಒಂದು ಸೆಂಟಿಮೀಟರ್ ಹೋಗಿರಬಹುದು. ಅವಳು ಸಟ್ಟನೆ ಕೆಮ್ಮಿದಳು, ಸೂಜಿ ಅಲ್ಲೇ ಸಿಕ್ಕಿಹಾಕ್ಕೊಂಡ್ತು. ತಿರುಗಿಸಿದ್ರೂ ಬರಲಿಲ್ಲ, ಎಳೆದ್ರೆ ಚರ್ಮವೇ ಡೇರೆ ಹಾಗೆ ಮೇಲಕ್ಕೆ ಬಂತು. ನನ್ನ ಕೈ ನಡುಗೋಕೆ ಶುರುವಾಯ್ತು. ಕೊನೆಗೆ ಜೋರಾಗಿ ಎಳೆದೆ, ಬಂತು, ನೋಡಿದ್ರೆ ಸೂಜಿ ಬಾಗಿತ್ತು. ಅವಳಿಗೆ ಏನೂ ಆಗಿಲ್ಲ. ಆದ್ರೆ ಆಮೇಲಿಂದ ನಾನು ಡಬ್ಬಿ ತೆಗೆದಾಗಲೆಲ್ಲ ಅವಳು ಎದ್ದು ಬೇರೆ ರೂಮಿಗೆ ಹೋಗ್ತಾಳೆ.

ವಾರ್ಡ್_ಸಿಸ್ಟರ್

ಆವತ್ತಾಗಲಿ ಆಮೇಲಾಗಲಿ ಉಸಿರಾಡುವಾಗ ನೋವು, ಕೆಮ್ಮು, ಮೆಟ್ಟಿಲು ಹತ್ತಿದ್ರೆ ಏದುಸಿರು ಏನಾದ್ರೂ ಇತ್ತಾ? ಚುಚ್ಚಿದ ಜಾಗ ಕೆಂಪಗಾಗಿ ಬಿಸಿ ಆಗಿದ್ಯಾ? ಇದ್ರೆ ಇಲ್ಲಿ ಓದ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ, ಸೂಜಿ ಹಾಕಿದ ವಿಷಯ ಮುಚ್ಚಿಡದೆ ಹೇಳಿ. ನಾಚಿಕೆಗೆ ಅದನ್ನೇ ಬಿಟ್ಟು ಮಿಕ್ಕಿದ್ದೆಲ್ಲ ಹೇಳೋ ಜನನ ನೋಡಿ ನೋಡಿ ಸಾಕಾಗಿದೆ ನನಗೆ.

ಹೊಸಬ77

ಇಲ್ಲ ಸಿಸ್ಟರ್, ಏನೂ ಇಲ್ಲ. ಅವಳನ್ನೇ ಕೂರಿಸಿ ಕೇಳಿದೆ. "ಈಗಲಾದ್ರೂ ಕೇಳಿದ್ರಲ್ಲ" ಅಂದಳು.

ಸೂಜಿಮಲ್ಲಿಗೆ

ಬದುಕಿದ್ರಿ. ಕೆಮ್ಮಿದ ಗಳಿಗೆಯಲ್ಲಿ ಸೂಜಿ ಒಳಕ್ಕೆ ಹೋಗದೆ ಸ್ನಾಯು ಅದನ್ನ ಕಚ್ಚಿ ಹಿಡಿದಿದ್ದು ನಿಮ್ಮ ಅದೃಷ್ಟ.

ಸೂಜಿ ಸಿಕ್ಕಿಕೊಳ್ಳೋದು ನಮಗೂ ಆಗುತ್ತೆ. ಸ್ನಾಯು ಬಿಗಿ ಹಿಡಿದಿರುತ್ತೆ, ಇಲ್ಲಾ ಒಂದೇ ದಿಕ್ಕಿಗೆ ತಿರುಗಿಸಿ ತಿರುಗಿಸಿ ಮಾಂಸದ ಎಳೆ ಸೂಜಿಗೆ ಸುತ್ತಿಕೊಂಡಿರುತ್ತೆ. ಆಗ ಎಳೀಬಾರದು. ಕೈ ಬಿಡಬೇಕು. ಅವರನ್ನ ಮಾತಾಡಿಸಿ, ಸುತ್ತಮುತ್ತ ಬೆರಳಲ್ಲಿ ಮೆಲ್ಲಗೆ ತಟ್ಟಿ, ಒಂದೆರಡು ನಿಮಿಷ ಕಾದ್ರೆ ಸ್ನಾಯು ತಾನಾಗಿ ಸಡಿಲ ಆಗುತ್ತೆ. ಸುತ್ತಿಕೊಂಡಿದ್ರೆ ವಿರುದ್ಧ ದಿಕ್ಕಿಗೆ ತಿರುಗಿಸಿ ಬಿಡಿಸೋದು. ಬಾಗಿದ ಸೂಜಿನ ಬಾಗಿದ ದಿಕ್ಕಲ್ಲೇ ನಿಧಾನಕ್ಕೆ ತೆಗೀಬೇಕು, ತಿರುಗಿಸಲೇಬಾರದು. ಹಿಡಿಗೂ ಸೂಜಿಯ ದೇಹಕ್ಕೂ ಸೇರೋ ಜಾಗದಲ್ಲೇ ಸೂಜಿ ಮುರಿಯೋದು ಹೆಚ್ಚು. ಅದಕ್ಕೇ ಹಿಡಿ ಚರ್ಮಕ್ಕೆ ತಾಗೋವರೆಗೂ ಯಾವ ಸೂಜಿನೂ ಒಳಗೆ ಕಳಿಸಬಾರದು, ಕಾಲು ಭಾಗವಾದ್ರೂ ಹೊರಗಿರಬೇಕು. ಮುರಿದ್ರೆ ಹಿಡಿದು ತೆಗೆಯೋಕೆ ಏನಾದ್ರೂ ಬೇಕಲ್ಲ.

ಇನ್ನೂ ಒಂದು. ಅವರು ಕೂತಿದ್ರಾ, ಮಲಗಿದ್ರಾ?

ಹೊಸಬ77

ಕುರ್ಚಿ ಮೇಲೆ ಕೂತಿದ್ದಳು ಮೇಡಂ.

ಸೂಜಿಮಲ್ಲಿಗೆ

ಅದನ್ನೇ ಅಂದ್ಕೊಂಡೆ. (ಮೇಡಂ ಬೇಡ, ಅಕ್ಕ ಅಂದ್ರೆ ಸಾಕು.) ಮೊದಲ ಸಲ ಸೂಜಿ ಹಾಕಿಸಿಕೊಳ್ಳೋರನ್ನ ಕೂರಿಸಬಾರದು.

ಮೂರನೇ_ಬ್ಯಾಚ್

ಕುರ್ಚಿ ಅಂದಿದ್ದಕ್ಕೆ ನನ್ನ ಕಥೆ. ಕೋರ್ಸ್ ಎರಡನೇ ತಿಂಗಳು. ಪಕ್ಕದಲ್ಲಿ ಕೂತಿದ್ದ ಗೆಳತಿ ನನ್ನ ಕೈಗೆ, ಹೆಬ್ಬೆರಳು ತೋರುಬೆರಳ ನಡುವಿನ ಹೆಗು ಪಾಯಿಂಟಿಗೆ ಸೂಜಿ ಹಾಕಿದಳು. ನಾನು ಬೆಳಗ್ಗಿಂದ ಏನೂ ತಿಂದಿರಲಿಲ್ಲ, ಅದನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೋವೇನೂ ಇರಲಿಲ್ಲ. ಹತ್ತು ಸೆಕೆಂಡ್ ಬಿಟ್ಟು ಅವಳ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸ್ತು. ಬೆನ್ನಲ್ಲಿ ತಣ್ಣಗೆ ಬೆವರು, ಬಾಯಿ ಒಣಗಿ ನಾಲಿಗೆ ಅಂಟಿಕೊಳ್ತು, ಎದುರಿನ ಗೋಡೆ ಬೆಳ್ಳಗಾಗ್ತಾ ಬಂತು. "ಯಾಕೋ ಒಂಥರಾ…" ಅನ್ನೋದ್ರಲ್ಲಿ ಕುರ್ಚಿಯಿಂದ ಜಾರಿದ್ದೆ. ಟೀಚರ್ ಬಂದು ಸೂಜಿ ತೆಗೆದು, ನೆಲದ ಮೇಲೆ ಮಲಗಿಸಿ ಕಾಲು ಎತ್ತರಕ್ಕಿಟ್ಟರು. ಐದು ನಿಮಿಷಕ್ಕೆ ಸರಿಹೋದೆ. ತಲೆ ಟೇಬಲ್ ಅಂಚಿಗೆ ಬಡಿದು ಬೋರೆ ಎದ್ದಿದ್ದು ಮಾತ್ರ ವಾರ ಇತ್ತು. ಅಂದ್ರೆ ಗಾಯ ಆಗಿದ್ದು ಸೂಜಿಯಿಂದಲ್ಲ, ಕುರ್ಚಿಯಿಂದ.

ಆವತ್ತಿಂದ ನಾನು ಯಾರಿಗೇ ಹಾಕಲಿ, ಮೊದಲು ಮಲಗಿಸ್ತೀನಿ. ಹೊಟ್ಟೆಗೆ ಏನಾದ್ರೂ ಬಿದ್ದಿದೆಯಾ, ನಿದ್ದೆ ಆಗಿದೆಯಾ, ಹಿಂದೆ ಇಂಜೆಕ್ಷನ್‌ಗೆ ಬವಳಿ ಬಂದಿದೆಯಾ, ಗರ್ಭಿಣಿಯಾ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರಾ, ಪೇಸ್‌ಮೇಕರ್ ಇದೆಯಾ ಅಂತ ಕೇಳ್ತೀನಿ. ಹೆಗು ಪಾಯಿಂಟನ್ನೇ ಗರ್ಭಿಣಿಯರಿಗೆ ಹಾಕಬಾರದು ಅಂತ ಹಿಂದಿನಿಂದ ಹೇಳ್ಕೊಂಡು ಬಂದಿದ್ದಾರೆ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಕೊಡೋ ಎಲೆಕ್ಟ್ರೋ ಅಕ್ಯುಪಂಕ್ಚರ್ ಬೇಡವೇ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರ ಕಾಲು, ಬಾವು ಬಂದು ನೀರು ತುಂಬಿಕೊಂಡ ಕೈಕಾಲು, ಇವನ್ನೂ ಬಿಟ್ಟುಬಿಡಿ.

ವಾರ್ಡ್_ಸಿಸ್ಟರ್

ನನ್ನ ಸರದಿ. ಇಲ್ಲೀವರೆಗೆ ಎಲ್ಲರೂ ಸೂಜಿ ಎಲ್ಲಿಗೆ ಹೋಗುತ್ತೆ ಅಂತ ಮಾತಾಡಿದ್ರಿ. ಆಮೇಲೆ ಆ ಸೂಜಿ ಎಲ್ಲಿಗೆ ಹೋಯ್ತು? ಹೊಸಬ ಅವರೇ, ಬಾಗಿದ ಆ ಸೂಜಿ ಈಗ ಎಲ್ಲಿದೆ?

ಉತ್ತರ ಬರೋ ಮುಂಚೆ ನಾನೇ ಹೇಳ್ತೀನಿ, ಕಸದ ಬುಟ್ಟಿಯಲ್ಲಿ. ಕಸ ಎತ್ತೋರ ಕೈಗೆ ಅದು ಚುಚ್ಚಿರಬಹುದು, ನಿಮಗೆ ಗೊತ್ತೇ ಆಗಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಜೀವ ಹಿಡ್ಕೊಂಡಿರುತ್ತೆ. ಸೂಜಿಯನ್ನ ಮತ್ತೆ ಮತ್ತೆ ಬಳಸಿದ ಕಡೆ ಅಕ್ಯುಪಂಕ್ಚರ್‌ನಿಂದಲೇ ಈ ಕಾಯಿಲೆ ಹಲವರಿಗೆ ಹರಡಿದ ದಾಖಲೆ ಇದೆ. ಕುದಿಸಿ ಬಳಸ್ತೀನಿ, ಸ್ಪಿರಿಟ್‌ನಲ್ಲಿ ಅದ್ದಿಡ್ತೀನಿ, ನನ್ನ ಸೂಜಿ ನನಗೇ ತಾನೆ, ಈ ಯಾವ ಸಬೂಬೂ ಬೇಡ. ಕ್ರಿಮಿಶುದ್ಧ ಮಾಡಿ ಮುಚ್ಚಿದ ಪೊಟ್ಟಣ, ಅವಧಿ ದಿನಾಂಕ ನೋಡಿ ಒಡೆದದ್ದು, ಒಂದು ಸಲ ಚುಚ್ಚಿ ಎಸೆಯೋದು. ಎಸೆಯೋಕೆ ಶಾರ್ಪ್ಸ್ ಡಬ್ಬಿ. ಚುಚ್ಚಿದ್ರೂ ತೂತಾಗದ ಗಟ್ಟಿ ಪ್ಲಾಸ್ಟಿಕ್, ಮುಚ್ಚಳ ಇರೋದು, ಮುಕ್ಕಾಲು ತುಂಬಿದ ಮೇಲೆ ಮುಚ್ಚಿ ವೈದ್ಯಕೀಯ ತ್ಯಾಜ್ಯಕ್ಕೆ. ಡಬ್ಬಿ ಸೂಜಿಯ ಹತ್ತಿರ ಬರಬೇಕು, ಸೂಜಿ ಹಿಡ್ಕೊಂಡು ನೀವು ಡಬ್ಬಿ ಹುಡುಕ್ಕೊಂಡು ಹೋಗಬಾರದು.

ಕೈ ಸೋಪು ಹಾಕಿ ತೊಳೀರಿ. ಚರ್ಮಕ್ಕೆ 70 ಪರ್ಸೆಂಟ್ ಆಲ್ಕೋಹಾಲ್ ಒರೆಸಿ ಒಣಗೋಕೆ ಬಿಡಿ, ಒದ್ದೆ ಇದ್ದಾಗ ಚುಚ್ಚಿದ್ರೆ ಉರಿಯುತ್ತೆ, ಕ್ರಿಮಿನೂ ಸಾಯಲ್ಲ. ಸೂಜಿಯ ದೇಹ, ಅಂದ್ರೆ ಒಳಗೆ ಹೋಗೋ ಭಾಗ, ಬರಿ ಬೆರಳಿಗೆ ತಾಗಬಾರದು. ಎಷ್ಟೋ ವಿಡಿಯೊದಲ್ಲಿ ಅದನ್ನ ಬೆರಳಲ್ಲಿ ಹಿಡಿದು ನೇರ ಮಾಡ್ತಾ ಕಳಿಸ್ತಾರೆ, ನೋಡಿದ್ರೆ ಮೈ ಉರಿಯುತ್ತೆ. ತೆಗೆದ ಸೂಜಿನ ಮತ್ತೆ ಟ್ಯೂಬಿಗೆ (ಸೂಜಿ ಹಾಕೋಕೆ ಬಳಸೋ ಕೊಳವೆ) ತುಂಬೋಕೆ ಹೋಗಬೇಡಿ, ಆಗಲೇ ಬೆರಳಿಗೆ ಚುಚ್ಚೋದು.

ಎಣಿಸಿ. ಹಾಕುವಾಗ ಎಷ್ಟು, ತೆಗೆಯುವಾಗ ಎಷ್ಟು. ಬಾಯಿಲೆಕ್ಕ ಬೇಡ, ಬರೆದಿಡಿ. ನನಗೆ ಚುಚ್ಚಿದ್ದು ಹಾಗೇ. ಹಿಂದಿನ ಪಾಳಿಯವರು ಒಂಬತ್ತು ಹಾಕಿ ಎಂಟು ತೆಗೆದಿದ್ರು. ಒಂಬತ್ತನೆಯದು ರೋಗಿಯ ಕಾಲಿಂದ ಜಾರಿ ಟವೆಲ್‌ನಲ್ಲಿ ಇತ್ತು. ನಾನು ಟವೆಲ್ ಹಿಂಡಿ ಎತ್ತಿದೆ, ಅಂಗೈಗೆ ಇಳೀತು. ಹರಿಯೋ ನೀರಲ್ಲಿ ಸೋಪು ಹಾಕಿ ತೊಳೆದೆ (ಹಿಂಡಿ ರಕ್ತ ತೆಗೆಯೋಕೆ ಹೋಗಬಾರದು), ಬರೆಸಿದೆ, ರಕ್ತ ಪರೀಕ್ಷೆ. ಫಲಿತಾಂಶ ಬರೋವರೆಗೂ ಮಗಳ ತಟ್ಟೆ ಲೋಟ ಬೇರೆ ಇಟ್ಟಿದ್ದೆ. ಹಾಗೆ ಇಡೋ ಅಗತ್ಯ ಇಲ್ಲ ಅಂತ ನನಗೇ ಚೆನ್ನಾಗಿ ಗೊತ್ತು, ಆದ್ರೂ ಇಟ್ಟಿದ್ದೆ. ನನಗೆ ಏನೂ ಅಂಟಲಿಲ್ಲ. ಸೂಜಿ ಹಿಡಿಯೋ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸ್ಕೊಳ್ಳಿ, ಪೂರ್ತಿ ಮೂರು ಡೋಸ್.

ಹೊಸಬ77

ಕಸದ ಬುಟ್ಟಿಗೇ ಹಾಕಿದ್ದೆ ಸಿಸ್ಟರ್. ಏನು ಹೇಳಲಿ.

ಹಾಗಾದ್ರೆ ಮನೆಯಲ್ಲಿ ಕೂತು ಏನೂ ಮಾಡೋ ಹಾಗಿಲ್ವಾ? ಕೋರ್ಸ್ ಅಂದ್ರೆ ಎಷ್ಟು ದಿನದ್ದು? ಎರಡು ದಿನದ ವರ್ಕ್‌ಶಾಪ್ ಜಾಹೀರಾತು ದಿನಾ ಬರುತ್ತೆ ನನಗೆ, ಕೊನೆಗೆ ಸರ್ಟಿಫಿಕೇಟ್ ಕೊಡ್ತಾರಂತೆ.

ಸೂಜಿಮಲ್ಲಿಗೆ

ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಅಕ್ಯುಪಂಕ್ಚರ್ ತರಬೇತಿ, ಸುರಕ್ಷತೆ ಬಗ್ಗೆ ಮಾರ್ಗಸೂಚಿ ತಂದಿತು. ಅದರ ಪ್ರಕಾರ ವೈದ್ಯರಲ್ಲದವರಿಗೆ ಪೂರ್ಣ ತರಬೇತಿ ಅಂದ್ರೆ 2,500 ಗಂಟೆ, ಅದರಲ್ಲಿ 1,000 ಗಂಟೆಗೆ ಕಡಿಮೆ ಇಲ್ಲದಂತೆ ಕೈಯಲ್ಲಿ ಮಾಡೋ ಅಭ್ಯಾಸ. ವೈದ್ಯ ಪದವಿ ಇರೋರಿಗೇ ಪೂರ್ಣ ತರಬೇತಿಗೆ 1,500 ಗಂಟೆ. ನಿಮ್ಮ ಎರಡು ದಿನ ಎಷ್ಟು ಗಂಟೆ ಆಯ್ತು ಅಂತ ನೀವೇ ಕೂಡಿ. ಯಾರು ಸೂಜಿ ಹಾಕಬಹುದು ಅನ್ನೋ ಕಾನೂನು ಒಂದೊಂದು ದೇಶಕ್ಕೂ ಒಂದೊಂದು ಥರ. ಸೇರೋ ಮುಂಚೆ ಅದನ್ನೂ ವಿಚಾರಿಸಿ. ಮತ್ತೆ ಟೀಚರ್‌ಗೆ ಒಂದೇ ಪ್ರಶ್ನೆ ಕೇಳಿ: "ನಿಮ್ಮ ಕೈಯಲ್ಲಿ ಯಾರಿಗಾದ್ರೂ ತೊಂದರೆ ಆಗಿದೆಯಾ, ಆಗ ಏನು ಮಾಡಿದ್ರಿ?" ಇಲ್ಲವೇ ಇಲ್ಲ ಅನ್ನೋರ ಹತ್ತಿರ ಸೇರಬೇಡಿ.

ಮನೆಯಲ್ಲಿ ಮಾಡೋದು ಬೇಕಾದಷ್ಟಿದೆ. ಪೆನ್ ಹಿಡ್ಕೊಳ್ಳಿ. ನಿಮ್ಮ ಕಾಲಲ್ಲಿ ಎಸ್‌ಟಿ 36 ಹುಡುಕಿ: ಮೊಣಕಾಲು ಮಡಿಸಿದಾಗ ಚಿಪ್ಪಿನ ಕೆಳಗೆ ಹೊರಮಗ್ಗುಲಲ್ಲಿ ಬೀಳೋ ಗುಳಿ, ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ. ಚುಕ್ಕೆ ಇಡಿ. ಒರೆಸಿ. ಮಾರನೇ ದಿನ ಮತ್ತೆ ಹುಡುಕಿ. ಎರಡು ಚುಕ್ಕೆ ಒಂದೇ ಕಡೆ ಬೀಳೋಕೆ ಎಷ್ಟು ದಿನ ಹಿಡಿಯುತ್ತೆ ಅಂತ ನೋಡಿ, ಆಶ್ಚರ್ಯಪಡ್ತೀರಿ.

ಮೂರನೇ_ಬ್ಯಾಚ್

ಕಾಗದದ ಪ್ಯಾಡ್ ಮಾಡ್ಕೊಳ್ಳಿ! ನಮಗೆ ಆರು ವಾರ ಅದೇ ಗತಿ. ಮೆತ್ತನೆ ಕಾಗದ ಪದರ ಪದರವಾಗಿ ಮಡಚಿ, ಎಂಟು ಸೆಂಟಿಮೀಟರ್ ಉದ್ದ, ಐದು ಅಗಲ, ಎರಡು ಮೂರು ಸೆಂಟಿಮೀಟರ್ ದಪ್ಪ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ದಾರ ಬಿಗಿಯಾಗಿ ಸುತ್ತಿ ಕಟ್ಟಿ. ಸಡಿಲ ಕಟ್ಟಿದ್ರೆ ಪ್ರಯೋಜನ ಇಲ್ಲ.

ಮೊದಲ ದಿನ ಎಲ್ಲರೂ ಒತ್ತುತ್ತಾರೆ, ಸೂಜಿ ಬಿಲ್ಲಿನ ಹಾಗೆ ಬಾಗುತ್ತೆ. ಬಲ ಬೆರಳಿಂದ ಬರ್ತಿದೆ, ಸೂಜಿಯ ನೇರಕ್ಕೆ ಬರ್ತಿಲ್ಲ ಅಂತ ಅರ್ಥ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯನ್ನ ಸಣ್ಣಗೆ ಹಿಂದೆ ಮುಂದೆ ಹೊರಳಿಸ್ತಾ, ಒತ್ತಿಯೂ ಒತ್ತದ ಹಾಗೆ ಇಟ್ರೆ, ಎರಡನೇ ವಾರ ಯಾವಾಗಲೋ ಒಂದು ಸಲ ಸೂಜಿ ತಾನೇ ಇಳಿದುಹೋಗುತ್ತೆ. ಒಂದೊಂದು ಪದರ ದಾಟುವಾಗ ಬೆರಳಿಗೆ ಸಣ್ಣ ಟಿಕ್, ಟಿಕ್ ಅಂತ ಗೊತ್ತಾಗುತ್ತೆ. ಚರ್ಮ ಬೇರೆ, ಕೊಬ್ಬು ಬೇರೆ, ಸ್ನಾಯು ಬೇರೆ ಅಂತ ಮುಂದೆ ಗುರುತಿಸೋದು ಅದೇ ಬೆರಳು. ಆಮೇಲೆ ಬಟ್ಟೆ ಸುತ್ತಿದ ಹತ್ತಿ ಉಂಡೆ.

ಗೈಡ್ ಟ್ಯೂಬ್ ಬಗ್ಗೆನೂ ಹೇಳ್ತೀನಿ. ಅದು ಬಂದದ್ದು 17ನೇ ಶತಮಾನದ ಜಪಾನಿನಿಂದ, ಸುಗಿಯಾಮಾ ವಾಯಿಚಿ ಅನ್ನೋ ಕುರುಡ ವೈದ್ಯರ ಹೆಸರಲ್ಲಿ. ಕಣ್ಣಿಲ್ಲದವರು ತೆಳ್ಳನೆ ಸೂಜಿ ಬಾಗದ ಹಾಗೆ ಹಾಕೋಕೆ ಕಂಡ್ಕೊಂಡ ದಾರಿ. ಸೂಜಿಗಿಂತ ಒಂಚೂರು ಗಿಡ್ಡ ಕೊಳವೆ, ಮೇಲೆ ಉಳಿದ ತುದಿ ಮೇಲೆ ಬೆರಳಲ್ಲಿ ಒಂದು ಏಟು, ಚರ್ಮ ದಾಟಿತು. ಈಗ ಕಣ್ಣಿರೋ ನಮಗೆಲ್ಲ ಅದೇ ಗತಿ.

ಲೆಕ್ಕಾಚಾರಿ

ಇಷ್ಟೆಲ್ಲ ಶ್ರಮ ಪಟ್ಟು ಕಲಿತದ್ದು ಎಷ್ಟು ಕೆಲಸ ಮಾಡುತ್ತೆ ಅಂತಲೂ ಹೊಸಬರಿಗೆ ಗೊತ್ತಿರಲಿ. 1998ರಲ್ಲಿ, ಸಂಶೋಧನೆಯಲ್ಲಿ ಹೋಲಿಸಿ ನೋಡೋಕೆ ಅಂತ, ನಾಟಕದ ಚೂರಿಯ ಥರ ಒಳಕ್ಕೆ ಸರಿಯೋ ಸುಳ್ಳು ಸೂಜಿ ಬಂತು, ಚುಚ್ಚಿದ ಹಾಗೆ ಅನ್ನಿಸುತ್ತೆ, ಚುಚ್ಚಿರಲ್ಲ. ಮೈಗ್ರೇನ್ ಬರದ ಹಾಗೆ ತಡೆಯೋ ಬಗ್ಗೆ 2016ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ್ದು) ಓದಿ. ಏನೂ ಮಾಡದೆ ಇರೋದಕ್ಕಿಂತ ಸೂಜಿ ಉತ್ತಮ, ಸುಳ್ಳು ಸೂಜಿಗೆ ಹೋಲಿಸಿದ್ರೆ ಅಂತರ ಸಣ್ಣದು. ಪ್ರಚಾರದಲ್ಲಿ ಹೇಳೋ ನೂರೆಂಟು ಕಾಯಿಲೆಗೆ ಇಷ್ಟು ಆಧಾರವೂ ಇಲ್ಲ.

ಇನ್ನೊಂದು ದಂತಕಥೆ: 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಬರೀ ಸೂಜಿ ಚುಚ್ಚಿ ಅಪೆಂಡಿಕ್ಸ್ ಆಪರೇಷನ್ ಮಾಡಿದ್ರು ಅಂತ. ಸುಳ್ಳು. ಆಪರೇಷನ್ ಆಗಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್‌ನಲ್ಲಿ. ಆಮೇಲೆ ಹೊಟ್ಟೆಯುಬ್ಬರಕ್ಕೆ ಸೂಜಿ ಹಾಕಿದ್ದು. ಅವರೇ ಹಾಗೆ ಬರೆದಿದ್ದಾರೆ.

ಸೂಜಿಮಲ್ಲಿಗೆ

ಈ ಮಾತಿಗೆ ನಾನು ಜಗಳಕ್ಕೆ ಬರ್ತೀನಿ ಅಂದ್ಕೊಂಡಿರಬಹುದು ನೀವು. ಬರಲ್ಲ. ನೋವು ಕಡಿಮೆ ಆಗೋದನ್ನ ನಾನು ದಿನಾ ನೋಡ್ತೀನಿ, ಎಷ್ಟು ಸೂಜಿಯಿಂದ, ಎಷ್ಟು ಅರ್ಧ ಗಂಟೆ ಸುಮ್ಮನೆ ಮಲಗಿದ್ದರಿಂದ ಅಂತ ಬಿಡಿಸಿ ಹೇಳೋಕೆ ನನ್ನಿಂದ ಆಗಲ್ಲ.

ಆದ್ರೆ ಇದರಲ್ಲೂ ಒಂದು ಸುರಕ್ಷತೆ ವಿಷಯ ಇದೆ. ಯಾರಿಗೆ ಸೂಜಿ ಹಾಕಬಾರದು ಅನ್ನೋದು ಪಾಯಿಂಟಿಗಿಂತ ಮುಂಚೆ ಕಲೀಬೇಕು. ಎದೆನೋವು ತೋಳಿಗೆ ಇಳೀತಿದೆ ಅಂತ ಬಂದವರು, ಜೀವಮಾನದಲ್ಲಿ ಕಾಣದಂಥ ತಲೆನೋವು ಸಿಡಿಲಿನ ಹಾಗೆ ಬಂತು ಅನ್ನೋರು, ಒಂದು ಕಡೆ ಕೈಕಾಲು ಬಲ ಹೋದವರು, ಸೊಂಟನೋವಿನ ಜೊತೆ ಮೂತ್ರ ಹಿಡಿತ ತಪ್ಪಿದವರು, ಜ್ವರದ ಜೊತೆ ಕುತ್ತಿಗೆ ಸೆಟೆದವರು. ಇವರಿಗೆ ಬೇಕಾದ್ದು ಆಸ್ಪತ್ರೆ, ನಾನಲ್ಲ. ಕಲಿಯೋವಾಗ ನನ್ನ ಹತ್ತಿರ ಒಬ್ಬರು ಭುಜನೋವು ಅಂತ ಮೂರು ಸಲ ಬಂದಿದ್ರು. ಸೂಜಿ ಹಾಕಿದ ದಿನ ಹಗುರ, ಮಾರನೇ ದಿನ ಮತ್ತೆ ಅದೇ. ನಾಲ್ಕನೇ ಸಲ ಬಂದಾಗ ನನ್ನ ಗುರುಗಳು ಸೂಜಿ ಮುಟ್ಟಲಿಲ್ಲ, "ತೂಕ ಇಳಿದಿದೆಯಾ?" ಅಂತ ಕೇಳಿದ್ರು. ಇಳಿದಿತ್ತು. ನಾನು ಮೂರು ಸಲವೂ ಕೇಳಿರಲಿಲ್ಲ. ಮುಂದಿನದ್ದು ಬೇಡ.

ಮತ್ತೆ, ಯಾರ ಮಾತ್ರೆಯನ್ನೂ ನಿಲ್ಲಿಸಿ ಅಂತ ಹೇಳೋ ಹಕ್ಕು ಸೂಜಿ ಹಿಡಿದವರಿಗಿಲ್ಲ.

ಹೊಸಬ77

*(ನಾಲ್ಕು ತಿಂಗಳ ನಂತರ)*

ನೆನಪಿದೆಯಾ ನಾನು? ಕೋರ್ಸ್ ಸೇರಿದೆ. ಲಸಿಕೆ ಮೂರನೇ ಡೋಸ್ ಇನ್ನೂ ಬಾಕಿ. ಏಳು ವಾರ ಮೂಳೆ ಮತ್ತೆ ಕಾಗದದ ಪ್ಯಾಡ್. ಟಿಕ್ ಟಿಕ್ ನಿಜ, ಹತ್ತನೇ ದಿನ ಸಿಕ್ತು ನನಗೆ.

ಹೋದ ವಾರ ಮೊದಲ ಸೂಜಿ, ನನ್ನದೇ ಕಾಲಿಗೆ, ಎಸ್‌ಟಿ 36ಕ್ಕೆ, ಟೀಚರ್ ಪಕ್ಕದಲ್ಲಿ. 25 ಮಿಲಿಮೀಟರ್ ಸೂಜಿ. ಟ್ಯೂಬ್ ಇಟ್ಟು ತಟ್ಟಿದೆ, ಚರ್ಮ ದಾಟಿದ್ದೇ ಗೊತ್ತಾಗಲಿಲ್ಲ. ಮೆಲ್ಲಗೆ ಇಳಿಸ್ತಾ ಹೋದೆ. ಸುಮಾರು ಒಂದು ಸೆಂಟಿಮೀಟರ್ ಹೋದಾಗ ಒಳಗೆ ಭಾರ ಆಯ್ತು, ಒದ್ದೆ ಬಟ್ಟೆ ಹೊದಿಸಿದ ಹಾಗೆ, ಅದು ಹಾಗೇ ಪಾದದ ಕಡೆಗೆ ಹರಡ್ತು. "ಅದೇ ದೆ ಚಿ" ಅಂದರು ಟೀಚರ್, ಸೂಜಿ ಹಾಕಿದಾಗ ಒಳಗೆ ಆಗೋ ಆ ಅನುಭವದ ಹೆಸರು. "ಇದರ ಬದಲು ಕರೆಂಟ್ ಹೊಡೆದ ಹಾಗೆ ಸುಳಿದಿದ್ರೆ ನರ ಅಂತ ತಿಳಿ, ತಕ್ಷಣ ಹಿಂದಕ್ಕೆ ತಗೋ" ಅಂದರು. ಎರಡೂ ಕಾಲಿಗೆ ಸೇರಿ ನಾಲ್ಕು ಹಾಕಿಸಿದರು. ಹದಿನೈದು ನಿಮಿಷ ಬಿಟ್ಟು ತೆಗೆದೆ, ಹತ್ತಿ ಒತ್ತಿದೆ, ಬೀಗ್ತಾ ಇದ್ದೆ.

"ಎಷ್ಟು?" ಅಂದರು. ನಾಲ್ಕು ಅಂದೆ. ಡಬ್ಬಿ ತೋರಿಸಿದರು. ಮೂರೇ ಇತ್ತು. ಹಾಸಿಗೆ, ನೆಲ, ಟ್ರೇ ಎಲ್ಲ ಹುಡುಕಿಸಿದರು, ಟಾರ್ಚ್ ಹಾಕಿ, ಇಪ್ಪತ್ತು ನಿಮಿಷ, ಇಡೀ ಕ್ಲಾಸ್ ನಿಂತು ನೋಡ್ತಿತ್ತು. ಕೊನೆಗೆ ಸಿಕ್ಕಿದ್ದು ನಾನು ಮೇಲಕ್ಕೆ ಮಡಚಿದ್ದ ಪ್ಯಾಂಟಿನ ಮಡಿಕೆಯಲ್ಲಿ.

ವಾರ್ಡ್_ಸಿಸ್ಟರ್

ಪ್ಯಾಂಟಿನ ಮಡಿಕೆ! ನನ್ನ ಟವೆಲ್‌ಗಿಂತ ವಾಸಿ. ಹುಡುಕಿಸಿದ ಆ ಟೀಚರ್‌ನ ಬಿಡಬೇಡಿ. ಆ 40ರ ಡಬ್ಬಿ ಏನಾಯ್ತು?

ಹೊಸಬ77

ಒಡೆಯದ ಪೊಟ್ಟಣಗಳೆಲ್ಲ ಕಾಗದದ ಪ್ಯಾಡಿಗೆ ಹೋಗ್ತಿವೆ ಸಿಸ್ಟರ್. ಅಲ್ಲಿ ಬಾಗಿದ್ದೆಲ್ಲ ಶಾರ್ಪ್ಸ್ ಡಬ್ಬಿಗೆ.

ಸೂಜಿಮಲ್ಲಿಗೆ

ಮನೆಯವರ ಭುಜ ಹೇಗಿದೆ?

ಹೊಸಬ77

ಫಿಸಿಯೋಥೆರಪಿಸ್ಟ್ ಹತ್ತಿರ ಹೋಗ್ತಿದ್ದಾಳೆ ಅಕ್ಕ. ಕಂಪ್ಯೂಟರ್ ಸ್ಕ್ರೀನ್ ಎತ್ತರ ಮಾಡಿಸಿ, ದಿನಾ ನಾಲ್ಕು ವ್ಯಾಯಾಮ ಕೊಟ್ಟಿದ್ದಾರೆ, ಅರ್ಧಕ್ಕರ್ಧ ಕಡಿಮೆಯಾಗಿದೆ. ನನಗೆ ಪೆನ್ನಿಗೆ ಮಾತ್ರ ಪರವಾನಗಿ. ನಿನ್ನೆ ಬೆನ್ನ ಮೇಲೆ ಪಕ್ಕೆಲುಬು ಎಣಿಸಿ ಎಣಿಸಿ ಗುರುತು ಹಾಕಿದೆ. ಮುಗಿದ ಮೇಲೆ ಕನ್ನಡಿಯಲ್ಲಿ ನೋಡ್ಕೊಂಡು, "ಏಳನೆಯದು ಎರಡು ಸಲ ಬರೆದಿದ್ದೀರಿ" ಅಂದಳು.